ಉಮ್ಮ ಜೋಪಾನ ಮಾಡಿದ ಕ್ಲಚ್ ಪ್ಲೇಟು

೧೧ ಅಕ್ಟೋಬರ್ ೧೯೬೪, ಆದಿತ್ಯವಾರ

ಪಿಕಪ್ ಇವತ್ತು ಕುಲಶೇಖರದ ಏರು ಹತ್ತಲೇ ಇಲ್ಲ. ಇಂಜಿನ್ ಬೊಬ್ಬೆ ಹೊಡೆಯಿತು, ಚಕ್ರ ತಿರುಗಲಿಲ್ಲ. ನಾನೂ ನೆರೆಮನೆಯ ಬೋಜನೂ ಮೂರು ದಿನ ಗಾಡಿಯಡಿ ಮಲಗಿ, ಗೇರ್ ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡು, ಬೇಸಿಗೆಯಲ್ಲೇ ಬೊಂಬಾಯಿಯಿಂದ ತರಿಸಿ ಕಪಾಟಿನಲ್ಲಿಟ್ಟಿದ್ದ ಹೊಸ ಕ್ಲಚ್ ಪ್ಲೇಟನ್ನು ನಿನ್ನೆಯಷ್ಟೇ ಹಾಕಿದ್ದೆವು.

"ಸರಿಯಾಗಿಯೇ ಕೂತಿದೆ ಮಾರಾಯ, ಮತ್ತೆ ಎಂತ ಆಯ್ತು ಇದಕ್ಕೆ?" ಎಂದು, ಗಾಡಿಯನ್ನು ತಳ್ಳಿಕೊಂಡು ಮನೆಗೆ ತಂದ ಮೇಲೆ, ಬೋಜ ಅಂಗಳದಲ್ಲಿ ತಲೆ ಕೆರೆದುಕೊಂಡ.

ಮಗ ದಣಿದಿದ್ದಾನೆಂದು ಉಮ್ಮ ಚಾ ತಂದರು. "ಪ್ಲೇಟು ಚಂದ ಉಂಟಲ್ಲ ಮೋನೇ? ಮಳೆಗಾಲ ಪೂರ್ತಿ ಶುಕ್ರವಾರ ಶುಕ್ರವಾರ ತೆಂಗಿನೆಣ್ಣೆ ಉಜ್ಜಿ ಇಟ್ಟದ್ದು ನಾನು. ಈ ಉಪ್ಪುಗಾಳಿಗೆ ಕಬ್ಬಿಣ ಉಳಿಯುತ್ತದಾ?"

ಎಣ್ಣೆ ಕುಡಿದ ಪ್ಲೇಟು ಹಿಡಿಯುವುದಿಲ್ಲ, ಜಾರುತ್ತದೆ. ಜೋಡಿಸುವಾಗ ತೆಂಗಿನೆಣ್ಣೆಯ ವಾಸನೆ ಬಂದಿತ್ತು. ನನ್ನ ತಲೆಗೆ ಹಚ್ಚಿದ ಎಣ್ಣೆಯದೇ ಎಂದುಕೊಂಡಿದ್ದೆ. ಬೊಂಬಾಯಿಯಿಂದ ಇನ್ನೊಂದು ಬರಲು ತಿಂಗಳು ಬೇಕು; ಬಂದರಿನಿಂದ ಮೀನು ಸಾಗಿಸುವ ಬಾಡಿಗೆ ಮಂಗಳವಾರದಿಂದ ಶುರು.

ಬೋಜ ಬಾಯಿ ತೆರೆದ. ಅವನ ಕಾಲು ತುಳಿದೆ. ಯಾರ ಮೇಲೆ ಸಿಟ್ಟು ಮಾಡಲಿ?

"ಚಂದ ಉಂಟು ಉಮ್ಮ" ಎಂದೆ.

ಅವರ ಮುಖ ಅರಳಿತು. "ಕಪಾಟಿನಲ್ಲಿರುವ ಬ್ರೇಕಿನ ಪಟ್ಟಿಗಳಿಗೂ ಎಣ್ಣೆ ಹಚ್ಚಿದ್ದೇನೆ. ನೀನೇನೂ ಹೆದರಬೇಡ" ಎಂದರು.