ಯಾರೂ ಉಗುಳದ ವೈನ್

ಟೇಮರ್ ಕಣಿವೆ, ಟಾಸ್ಮೇನಿಯಾ
ಜೂನ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ

ಪ್ರೀತಿಯ ಗ್ವೆಂಡಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೇನೆ. ಗಂಟೆ ನೋಡಿದಾಗಲೆಲ್ಲ ನೀನೇ ಅಲ್ಲಿಂದ ಇಣುಕಿ ಗದರಿಸಿದ ಹಾಗಾಗುತ್ತದೆ. ಸೋಮಾರಿತನ ಅಂದುಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಒಂದು ವಿಷಯ ನಿನಗೆ ಹೇಳಬೇಕೋ ಬೇಡವೋ ಎಂದು ತಿಳಿಯದೆ ಪೆನ್ನು ಕೆಳಗಿಟ್ಟು ಎದ್ದುಬಿಡುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಮೊದಲು ಊರ ಸಮಾಚಾರ. ಚಳಿ ಹೇಳತೀರದು. ನದಿಯ ಮೇಲೆ ಮಂಜು ಕೂತರೆ ಆಚೆ ದಡ ಊಟದ ಹೊತ್ತಿನವರೆಗೂ ಕಾಣುವುದಿಲ್ಲ. ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಅರ್ಧ ಮುಗಿದಿದೆ, ನನ್ನ ಬೆರಳುಗಳು ಪೂರ್ತಿ ಮುಗಿದಿವೆ. ಡಾರ್ವಿನ್‌ನಲ್ಲಿ ಫ್ಯಾನಿನ ಕೆಳಗೆ ಕೂತು ನೀನು ಇದನ್ನು ಓದಿ ನಗುತ್ತಿರುತ್ತೀಯ, ನಗು. ಹೋದ ಶನಿವಾರ ನಮ್ಮಲ್ಲಿಗೆ ವೈನ್ ರುಚಿ ನೋಡಲು ಒಬ್ಬ ಮದುಮಗಳು ತನ್ನ ಗೆಳತಿಯರ ದಂಡು ಕಟ್ಟಿಕೊಂಡು ಬಂದಿದ್ದಳು. ಅವರಲ್ಲೊಬ್ಬಳು ನಾಲ್ಕೂ ಕಡೆ ನೋಡಿ, "ಹೊರಗೆ ಸೆಲ್ಲರ್ ಡೋರ್ ಅಂತ ಬೋರ್ಡ್ ಹಾಕಿದೀರಲ್ಲ, ಸೆಲ್ಲರ್ ಎಲ್ಲಿ?" ಎಂದು ಕೇಳಿದಳು. "ನೆಲಮಾಳಿಗೆ ಇಲ್ಲಮ್ಮ, ಇದು ಮುಂಚೆ ಟ್ರ್ಯಾಕ್ಟರ್ ನಿಲ್ಲಿಸ್ತಿದ್ದ ಶೆಡ್ಡು. ಬಾಗಿಲು ಮಾತ್ರ ನಿಜ. ಅದನ್ನ ಹಾಕ್ಕೊಂಡು ಬಾ, ಚಳಿ ಬರ್ತಿದೆ" ಅಂದೆ. ಪಾಪ, ಹಾಕಿಕೊಂಡು ಬಂದಳು.

ಈಗ ವಿಷಯಕ್ಕೆ ಬರುತ್ತೇನೆ. ಮರ್ವ್‌ನ ಮೂಗು ಹೋಗಿದೆ.

ಮೂಗು ಇದ್ದಲ್ಲೇ ಇದೆ, ಅದೇ ಆಲೂಗಡ್ಡೆ. ಅದಕ್ಕೆ ವಾಸನೆ ತಿಳಿಯುವುದಿಲ್ಲ. ಮೊದಲು ನನಗೆ ಗೊತ್ತಾದದ್ದು ಹಾಲಿನಿಂದ. ಒಡೆದು ಹುಳಿ ನಾರುತ್ತಿದ್ದ ಹಾಲನ್ನು ನಾನು ಚೆಲ್ಲಲೆಂದು ಪಕ್ಕಕ್ಕಿಟ್ಟಿದ್ದೆ. ಅವನು ಅದನ್ನೆತ್ತಿ ಮೂಸಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ಚಹಾಕ್ಕೆ ಸುರಿದುಕೊಂಡ. ಮಳೆ ಬರುವುದನ್ನು ರೇಡಿಯೋಕ್ಕಿಂತ ಮೊದಲು ಹೇಳುತ್ತಿದ್ದ ಮನುಷ್ಯ ಇವನು! ನಾನು ಬಾಯಿಬಿಡಲಿಲ್ಲ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರು ಮುದುಕರು, ಏನೂ ಗೊತ್ತಿಲ್ಲದವರ ಹಾಗೆ ಓಡಾಡಿಕೊಂಡಿದ್ದೆವು.

ಬಿಯರ್ ಬಿಟ್ಟು ಬೇರೇನೂ ಗೊತ್ತಿಲ್ಲದ ನಿನಗೆ ಬಿಡಿಸಿಯೇ ಹೇಳಬೇಕು. ನಮ್ಮ ಮೇಲಿನ ಇಳಿಜಾರಿನ ಹಣ್ಣಿನ ವೈನ್ ಬೇರೆ, ನದಿಯಂಚಿನ ಹಣ್ಣಿನದು ಬೇರೆ. ಒಂದೊಂದು ಪೀಪಾಯಿಯದೂ ಒಂದೊಂದು ಗುಣ. ಪ್ರತಿ ಚಳಿಗಾಲ ಮರ್ವ್ ಎಲ್ಲವನ್ನೂ ಮೂಸಿ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಗೊತ್ತುಮಾಡುತ್ತಾನೆ. ಆಮೇಲೆ ಬಾಟಲಿ ತುಂಬುವ ಲಾರಿ ಬರುತ್ತದೆ. ಒಮ್ಮೆ ತುಂಬಿದರೆ ಮುಗಿಯಿತು, ಮತ್ತೆ ತಿದ್ದುವುದಕ್ಕಿಲ್ಲ. ಈ ಸಲ ಲಾರಿ ಬರುವ ದಿನ ಹತ್ತಿರವಾಗುತ್ತಿತ್ತು, ಇವನು ಪೀಪಾಯಿಗಳ ಹತ್ತಿರ ಸುಳಿಯುತ್ತಿರಲಿಲ್ಲ. ಬೇಲಿ ರಿಪೇರಿ ಮಾಡುತ್ತಿದ್ದ. ಚೆನ್ನಾಗಿದ್ದ ಬೇಲಿ, ಗ್ವೆಂಡಾ. ವೈನ್ ಕೆಟ್ಟರೆ ಕೆಡಲಿ, ಆ ಹೆದರಿಕೆ ನನಗಿರಲಿಲ್ಲ. ಆದರೆ ಬ್ರಾನ್ವಿನ್ ಹೋದ ಮೇಲೆ ಇವನು ದಿನ ಬೆಳಗಾದರೆ ಹಾಸಿಗೆ ಬಿಟ್ಟು ಏಳುತ್ತಿದ್ದದ್ದೇ ಆ ಪೀಪಾಯಿಗಳಿಗಾಗಿ. ಮಗಳು ಹೋದಳು, ಈಗ ಇದೂ ಹೋಯಿತೆಂದರೆ ಅವನಿಗೆ ಉಳಿಯುವುದೇನು?

ಹಾಗಾಗಿ ಮಂಗಳವಾರ, "ನಡಿ, ಅಕ್ಕಪಕ್ಕದವರ ಕಡೆ ಒಂದು ಸುತ್ತು ಹೋಗಿ ಬರೋಣ" ಎಂದು ಹೊರಡಿಸಿದೆ. ಚಳಿಗಾಲದಲ್ಲಿ ವಾರದ ನಡುವೆ ಪ್ರವಾಸಿಗರು ಬರುವುದು ಅಪರೂಪ. ತೋಟದವರೇ ಒಬ್ಬರ ಕೌಂಟರಿಗೆ ಒಬ್ಬರು ಹೋಗಿ ರುಚಿ ನೋಡುತ್ತೇವೆ. ಬಂದವರಲ್ಲಿ ಹಿರಿಯನಿಗೆ ಮೊದಲ ಗ್ಲಾಸು, ಮೊದಲ ಮಾತೂ ಅವನದೇ. ಮತ್ತೆ, ನಾವು ಯಾರೂ ನುಂಗುವುದಿಲ್ಲ. ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗುಳುತ್ತೇವೆ, ಎಂಥ ಒಳ್ಳೆಯ ವೈನಾದರೂ. ನೀನು ಒಮ್ಮೆ ಅದನ್ನು ನೋಡಿ, ಅಪ್ಪನ ಹಸುಗಳಿಗೇ ನಿಮಗಿಂತ ಮರ್ಯಾದೆ ಇತ್ತು ಅಂದಿದ್ದೆಯಲ್ಲ, ಅದೇ ಬಕೆಟ್ಟು.

ಮೊದಲು ಬ್ರಿಸ್ಬೇನ್‌ನಿಂದ ಬಂದ ಹೊಸ ದಂಪತಿಗಳ ಕಡೆ ಹೋದೆವು. ಗಾಜಿನ ಗೋಡೆ, ಕೂರಲು ಬೆನ್ನಿಲ್ಲದ ಸ್ಟೂಲು. ಮರ್ವ್ ಗ್ಲಾಸು ತಿರುಗಿಸಿದ, ಮೂಗಿಗೆ ಹಿಡಿದ, ಉಗುಳಿದ, ಕಿಟಕಿಯಾಚೆ ಬಹಳ ಹೊತ್ತು ನೋಡಿ, "ಹ್ಞೂಂ. ಈ ವರ್ಷದ ಗಾಳಿ ಇದ್ರಲ್ಲಿ ಕಾಣ್ತಿದೆ" ಅಂದ. ಆ ಹುಡುಗಿ ಧನ್ಯಳಾದ ಹಾಗೆ ಗಂಡನ ಮುಖ ನೋಡಿದಳು. ನನಗೆ ನಗು ಬಂತು. ಇಷ್ಟು ದಿನ ಹೀಗೆ ಎಷ್ಟು ಕಡೆ ದಾಟಿಸಿಕೊಂಡು ಬಂದನೋ.

ಅಲ್ಲಿಂದ ಲಿಂಡ್ಸೆ ಮತ್ತು ಕಾರೀ ಅವರ ಶೆಡ್ಡಿಗೆ. ಲಿಂಡ್ಸೆಯ ಹೆಂಡತಿ ಕಾರೀ ಗೊತ್ತಲ್ಲ, ಬ್ರಾನ್‌ಳ ಅಂತ್ಯಕ್ರಿಯೆಯ ದಿನ ನಮ್ಮ ಅಡುಗೆಮನೆಯನ್ನು ನಡೆಸಿದ ಆ ಡಚ್ ಹೆಂಗಸು. ಒಳಗೆ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಕೌಂಟರಿನ ಆ ತುದಿಯಲ್ಲಿ ಮೆಲ್ಬರ್ನ್‌ನ ಒಬ್ಬ ಪ್ರವಾಸಿ, ಕೊರಳಿಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ನಿಂತಿದ್ದ.

"ಏನೋ ಲಿಂಡ್ಸೆ, ಊರೋರೆಲ್ಲ ತಿರುಗಿಸೋ ಮುಚ್ಚಳಕ್ಕೆ ಬಂದ್ರೂ ನೀನಿನ್ನೂ ಆ ಬಿರಡೆ ಬಿಟ್ಟಿಲ್ವಾ?" ಎಂದು ಮರ್ವ್ ಶುರುಮಾಡಿದ. ಇದು ಪ್ರತಿ ಸಲದ ಮಾತು.

"ನಾನು ಸತ್ಮೇಲೆ ನನ್ನ ಬಾಯಿಗೂ ಒಂದು ಬಿರಡೆ ಹಾಕಿ ಕಳ್ಸು" ಅಂದ ಲಿಂಡ್ಸೆ. ಇದು ಪ್ರತಿ ಸಲದ ಉತ್ತರ.

ಬಿರಡೆಯ ತೊಂದರೆ ಏನೆಂದರೆ, ಒಮ್ಮೊಮ್ಮೆ ಅದು ಕೆಟ್ಟು ಬಾಟಲಿಯೊಳಗಿನದೆಲ್ಲ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ. ಅದಕ್ಕೇ ಸುರಿಯುವವನು ಮೊದಲು ತಾನು ಮೂಸಿ ನೋಡಿ ಆಮೇಲೆ ಬೇರೆಯವರಿಗೆ ಕೊಡಬೇಕು. ಲಿಂಡ್ಸೆ ತನ್ನ ಅತ್ಯುತ್ತಮ ವರ್ಷದ ಬಾಟಲಿ ತೆಗೆದ. ಅಷ್ಟರಲ್ಲಿ ಒಳಗಿನಿಂದ ಕಾರೀ, "ಪೈ ಸೀದು ಹೋಗ್ತಿದೆ, ಓವನ್ ಬಾಗಿಲು ಹಿಡ್ಕೊಳ್ಳೋಕಾದ್ರೂ ಬಾ!" ಎಂದು ಕೂಗಿಕೊಂಡಳು. ಅವಸರದಲ್ಲಿ ಅವನು ಮೂಸದೆಯೇ ಎಲ್ಲರಿಗೂ ಸುರಿದು ಒಳಗೆ ಓಡಿದ. ಇಬ್ಬರೂ ಪೈ ತಟ್ಟೆ ಹಿಡಿದು ಬರುವ ಹೊತ್ತಿಗೆ ಮರ್ವ್ ಒಂದು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು, ಕಣ್ಣು ಅರೆಮುಚ್ಚಿ ಹೇಳಿದ: "ಲಿಂಡ್ಸೆ, ಇದು ನಿನ್ನ ಕೈಯಿಂದ ಬಂದಿರೋದ್ರಲ್ಲೇ ಎಲ್ಲಕ್ಕಿಂತ ಚೆನ್ನಾಗಿದೆ ಕಣೋ."

ನಾನು ಗ್ಲಾಸೆತ್ತಿದೆ. ಮಳೆಯಲ್ಲಿ ಬಿಟ್ಟ ರಟ್ಟಿನ ಡಬ್ಬಿ, ಗ್ವೆಂಡಾ. ಅಂಥದ್ದನ್ನು ಮರ್ವ್ ಒಂದು ಕಾಲದಲ್ಲಿ ಕೋಣೆಯ ಆಚೆ ಬದಿಯಿಂದ ಹೇಳಿ, ಬಾಟಲಿಯನ್ನು ಹೊರಗೆ ಚೆಲ್ಲಿಸುತ್ತಿದ್ದ.

ಲಿಂಡ್ಸೆ ಗ್ಲಾಸು ಮೂಗಿಗೆ ಹಿಡಿದ. ಅವನ ಮುಖದಲ್ಲಿ ಏನೂ ಅಲುಗಲಿಲ್ಲ. ಮರ್ವ್‌ನನ್ನು ಒಮ್ಮೆ ನೋಡಿದ, ಕುಡಿದ, ನುಂಗಿದ. "ಥ್ಯಾಂಕ್ಸ್ ಮರ್ವ್" ಅಂದ. ಕಾರೀ ಮೂಸಿದಳು, ನನ್ನ ಕಣ್ಣು ನೋಡಿದಳು, ಎಲ್ಲ ತಿಳಿದುಕೊಂಡಳು, ಅವಳೂ ನುಂಗಿದಳು. ಉಗುಳಿದ್ದರೆ ತಪ್ಪೇನೂ ಇರಲಿಲ್ಲ, ಉಗುಳುವುದೇ ರೂಢಿ. ಆದರೆ ಅವನು ಅಷ್ಟು ಮೆಚ್ಚಿಕೊಂಡದ್ದನ್ನು ಅವನೆದುರೇ ಉಗುಳಲು ಯಾರಿಗೂ ಮನಸ್ಸಾಗಲಿಲ್ಲ. ನಾನೂ ನುಂಗಿದೆ.

ಆಗ ಆ ಮೆಲ್ಬರ್ನ್ ಮಹಾಶಯ ಗಂಟಲು ಸರಿಮಾಡಿಕೊಂಡು, "ಕ್ಷಮಿಸಿ, ಈ ಬಾಟಲಿ ಸ್ವಲ್ಪ..." ಎಂದು ಶುರುಮಾಡಿದ. ಕಾರೀ ಮುಂದೆ ಬಗ್ಗಿ ಅವನ ಕೈಗೆ ಬಿಸಿ ಪೈ ತುರುಕಿ, "ತಿನ್ನಿ ಸಾರ್, ಸ್ಕ್ಯಾಲಪ್ ಪೈ, ಚಿಪ್ಪುಮೀನಿಂದು. ಬಾಯ್ತುಂಬ ತಿನ್ನಿ" ಅಂದಳು. ಅವಳ ದನಿ ಕೇಳಿ ಆ ಮನುಷ್ಯ ತಿಂದ.

ಹಿಂದಿರುಗುವಾಗ ಮರ್ವ್ ದೋಣಿಕಟ್ಟೆಯ ಹತ್ತಿರ ಕಾರು ನಿಲ್ಲಿಸಿದ. ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ.

"ಬಿರಡೆ ಕೆಟ್ಟಿತ್ತು, ಅಲ್ವಾ?"

"ಯಾವ್ದು?"

"ನಾಟ್ಕ ಆಡ್ಬೇಡ ಐಲೀನ್. ಬಕೆಟ್ ನೋಡ್ದೆ ನಾನು. ಒಂದು ತೊಟ್ಟೂ ಇರ್ಲಿಲ್ಲ. ನಾನೇನೋ ಹೊಗಳೋ ಭರದಲ್ಲಿ ನುಂಗ್ದೆ ಸರಿ, ಲಿಂಡ್ಸೆ ನುಂಗ್ದ, ಕಾರೀ ನುಂಗಿದ್ಲು, ನೀನೂ ನುಂಗ್ದೆ. ಜನ್ಮದಲ್ಲಿ ಯಾವತ್ತಾದ್ರೂ ಕೌಂಟರ್ ಹತ್ರ ನಿಂತು ನುಂಗಿದ್ಯಾ ನೀನು? ಅಷ್ಟೂ ಜನ ನುಂಗ್ಬೇಕಾದ್ರೆ ಅದು ಎಷ್ಟು ಕೆಟ್ಟಿರ್ಬೇಕು!"

ನನಗೆ ತಡೆಯಲಾಗದೆ ನಗು ಬಂತು. ಅವನೂ ನಕ್ಕ. ನಗುತ್ತಾ ನಗುತ್ತಾ ಅವನ ಭುಜ ಅಲುಗುವುದು ನಿಲ್ಲಲೇ ಇಲ್ಲ, ನೋಡಿದರೆ ಅಳುತ್ತಿದ್ದ. ಬೇಸಿಗೆ ಮುಗಿದಾಗಿನಿಂದ ಹೀಗೆಯೇ ಅಂತೆ. ನೆಗಡಿ ಅಂದುಕೊಂಡಿದ್ದನಂತೆ. ಲಾನ್ಸೆಸ್ಟನ್‌ಗೆ ಒಬ್ಬನೇ ಹೋಗಿ ಡಾಕ್ಟರಿಗೂ ತೋರಿಸಿದ್ದಾನೆ. ವಯಸ್ಸಾಯಿತು, ನರ ಸೋತಿದೆ, ವಾಪಸ್ ಬರುವುದು ಕಷ್ಟ ಅಂದಿದ್ದಾರೆ. "ನಿಂಗೆ ಹೇಳಿದ್ರೆ ನಿಜ ಆಗೋಗುತ್ತೆ ಅನ್ನಿಸ್ತು" ಅಂದ. ನಾನು ಅವನ ಕಿವಿ ಹಿಂಡಿದೆ, ಆಮೇಲೆ ಅದೇ ಕೈಯಲ್ಲಿ ತಬ್ಬಿಕೊಂಡೆ.

ಮನೆಗೆ ಬಂದವನೇ ಲಿಂಡ್ಸೆಗೆ ಫೋನ್ ಮಾಡಿದ. "ಲೋ ಮುಠ್ಠಾಳ, ಬಿರಡೆ ಕೆಟ್ಟಿರೋ ವೈನ್ ಕುಡ್ಸಿ ಕಳಿಸ್ತೀಯಾ? ನಂಗಂತೂ ಮೂಗಿಲ್ಲ, ನಿಂಗೇನಾಗಿತ್ತೋ?" ಆಮೇಲೆ ಇಬ್ಬರೂ ಮಳೆಯ ವಿಷಯ ಮಾತಾಡಿದರು.

ಈಗ ಬೆರೆಸುವ ಕೆಲಸ ನಾವಿಬ್ಬರೂ ಮಾಡುತ್ತಿದ್ದೇವೆ. ನಾನು ಮೂಸಿ ಹೇಳುತ್ತೇನೆ, ಅವನು ಕೇಳಿ ತೀರ್ಮಾನಿಸುತ್ತಾನೆ. ಮೊದಲ ದಿನವೇ ನನ್ನಿಂದ ಮಾತು ತೆಗೆದುಕೊಂಡ: "ನಂಗೆ ಸಮಾಧಾನ ಆಗ್ಲಿ ಅಂತ ಮಾತ್ರ ಏನೂ ಹೇಳ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಇನ್ಮೇಲೆ ನಿನ್ನ ಮೂಗೇ ನಂಗೆ ಗತಿ." ನಾನು ಒಪ್ಪಿಕೊಂಡೆ. "ಇದು ಚೆರ್ರಿ ಮರದ ಕೆಳಗೆ ನಿಂತ ಹಾಗಿದೆ" ಅಂದರೆ, "ಹಣ್ಣು ಮರದಲ್ಲಿದ್ಯಾ, ಬಿದ್ದು ಕೊಳೀತಿದ್ಯಾ?" ಎಂದು ಕೇಳುತ್ತಾನೆ. ಇನ್ನೊಂದು ಪೀಪಾಯಿಗೆ, "ನಿನ್ನ ತಾಯಿಯ ಕೈಚೀಲ" ಅಂದೆ. "ಅಯ್ಯೋ, ಹಾಗಾದ್ರೆ ಅದನ್ನ ಕಮ್ಮಿ ಹಾಕೋಣ" ಅಂದ. ಲಾರಿ ಬುಧವಾರ ಬರುತ್ತದೆ. ಈ ಸಲದ ವೈನ್ ಹೇಗಾಗುತ್ತದೋ ಗೊತ್ತಿಲ್ಲ, ಆದರೆ ಬೇಲಿಯ ಕಡೆ ಅವನು ತಿರುಗಿ ನೋಡಿಲ್ಲ. ನನಗೆ ಅಷ್ಟು ಸಾಕು.

ನಿನ್ನ ಮಂಡಿಗೆ ಉಣ್ಣೆಯ ಪಟ್ಟಿ ಕಳಿಸುತ್ತಿದ್ದೇನೆ. ಆ ಸೆಕೆಯಲ್ಲಿ ಬೇಡ ಅನ್ನುತ್ತೀಯ, ಆದರೂ ಕಟ್ಟಿಕೋ. ಜೇನಿನ ಡಬ್ಬಿಯೂ ಇದೆ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಮೂಗನ್ನು ವಿಶೇಷವಾಗಿ.

ನಿನ್ನ ತಂಗಿ,
ಐಲೀನ್

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಮರ್ವ್ ಬ್ರಾನ್‌ಳ ರೂಮಿನಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕೂತು ಬರುವುದು ನಿನಗೆ ಗೊತ್ತು. ನಾನು ಒಳಗೆ ಹೋಗುವುದಿಲ್ಲ. ಇವತ್ತು ಅವನೇ ಕರೆದ. ಮಡಿಲಲ್ಲಿ ಆ ಹಸಿರು ಸ್ವೆಟರ್ ಇತ್ತು. ನೀನು ಹೆಣೆದು ಕೊಟ್ಟದ್ದು, ಒಂದು ತೋಳು ಉದ್ದ. ಆ ಕೊನೆಯ ಬೆಳಿಗ್ಗೆ ಬಿಸಿಲಿದೆ ಎಂದು ಅವಳು ಬಾಗಿಲ ಹಿಂದೆ ನೇತುಹಾಕಿ ಹೋದದ್ದು. "ನಂಗೆ ಅವಳು ಸಿಗ್ತಾ ಇಲ್ಲ ಐಲೀನ್. ನೀನು ನೋಡು. ಇನ್ನೂ ಇದ್ದಾಳಲ್ಲ?" ಅಂದ.

ನನ್ನ ಮಟ್ಟಿಗೆ ಅದರಲ್ಲಿ ಅವಳ ವಾಸನೆ ಹೋಗಿ ಎಷ್ಟೋ ವರ್ಷವಾಯಿತು. ಅವನಿಗೆ ಹೇಳಿರಲಿಲ್ಲ. ಅಂಥ ಮೂಗಿನವನು, ಅವನಿಗಾದರೂ ಇನ್ನೂ ಸಿಗುತ್ತಿದ್ದಾಳೆ ಎಂಬ ನಂಬಿಕೆಯ ಮೇಲೆ ನಾನು ಬದುಕಿದ್ದೆ. ಮುಖಕ್ಕೆ ಒತ್ತಿಕೊಂಡು ಉಸಿರೆಳೆದೆ. ಬರೀ ಉಣ್ಣೆ, ಗ್ವೆಂಡಾ. ಬರೀ ಧೂಳು. "ಇದ್ದಾಳೆ" ಅಂದೆ. ಅವನು ಕಣ್ಣು ಮುಚ್ಚಿಕೊಂಡು, ಶೆಡ್ಡಿನಲ್ಲಿ ಕೇಳುವ ಹಾಗೆಯೇ ಕೇಳಿದ: "ಏನೇನಿದೆ ಹೇಳು." ಕಿತ್ತಳೆ ಸಿಪ್ಪೆ ಅಂದೆ. ಆ ಅಗ್ಗದ ಸೇಬಿನ ಶಾಂಪೂ ಅಂದೆ. ಸ್ವಲ್ಪ ಪೆನ್ಸಿಲ್ ಅಂದೆ. ಒಂದೊಂದಕ್ಕೂ ತಲೆಯಾಡಿಸಿದ.

ಕ್ರಿಸ್‌ಮಸ್‌ಗೆ ನೀನು ಬಂದಾಗ ಅವನು ಅದನ್ನು ನಿನ್ನ ಕೈಗೂ ಕೊಡಬಹುದು, ಹೆಣೆದವಳು ನೀನಲ್ಲವೇ. ಚೆನ್ನಾಗಿ ಉಸಿರೆಳೆದುಕೋ. ಅವಸರ ಮಾಡಬೇಡ. ಮೊದಲು ಕಿತ್ತಳೆ ಸಿಪ್ಪೆ ಎಂದು ಹೇಳು.