ಮಟ್ಟದ ಗುಳ್ಳೆ

ಮಾರ್ಚ್ 3, ಬೆಳಿಗ್ಗೆ 7:20

ಬೆರಳುಗಳು ಇವತ್ತೂ ಮುನಿಸಿಕೊಂಡಿವೆ. ಗುಡಿಸೋರು ಟೇಬಲ್ ಎಳೆದಿದ್ದಾರೆ — ರಕ್ತದ ಟ್ಯೂಬು ನಿಲ್ಲಿಸೋ ಇಎಸ್‌ಆರ್ ಸ್ಟ್ಯಾಂಡ್ ಓರೆ. ನೆಟ್ಟಗಿದ್ರೆ ನಡುವಲ್ಲಿರೋ ಮಟ್ಟದ ಗುಳ್ಳೆ ಮೂಲೆಗೆ ಸರಿದು ಕೂತಿದೆ. ಕೆಳಗಿನ ತಿರುಪು ತಿರುಗಿಸೋಣ ಅಂದ್ರೆ ಹೆಬ್ಬೆರಳು ಕೇಳಲ್ಲ. ಯಾರನ್ನಾದರೂ ಕರೀಬಹುದಿತ್ತು. ಕರೆದ್ರೆ ಲ್ಯಾಬ್ ನಡೆಸೋ ಮೇಡಂ ಕಿವಿಗೆ ಬೀಳುತ್ತೆ. "ಕೈ ಆಗಲ್ಲ ಅಂದ್ರೆ ಕೌಂಟರ್‌ನಲ್ಲಿ ಕೂತು ರಸೀದಿ ಬರಿ" ಅಂತ ಹೋದ ತಿಂಗಳೇ ಅಂದಿದ್ದಾರೆ. ಹದಿನೆಂಟು ವರ್ಷ ರಕ್ತ ತೆಗೆದ ಕೈ ಇದು. ರಸೀದಿಯಂತೆ! ಕಾಗದ ಮಡಚಿ ಸ್ಟ್ಯಾಂಡ್ ಕಾಲಡಿ ತುರುಕಿದೆ. ಗುಳ್ಳೆ ನಡುವಿಗೆ ಬಂತು. ಸಾಕು.

ಅದೇ ದಿನ, 11:15

ಹನ್ನೊಂದು ಜನರ ಟ್ಯೂಬು. ಹನ್ನೆರಡನೇದು ನಂದು. ವಾರಕ್ಕೊಮ್ಮೆ ನುಂಗೋ ಹಳದಿ ಮಾತ್ರೆಗೆ ಇವತ್ತಿಗೆ ಮೂರು ತಿಂಗಳು. ಕೀಲುವಾತದ ಡಾಕ್ಟ್ರು ಹೇಳಿದ್ದಿಷ್ಟೇ — ರಕ್ತದಲ್ಲಿ ಉರಿಯೂತದ ಲೆಕ್ಕ ಇಳಿದ್ರೆ ಇದೇ ಮಾತ್ರೆ, ಇಳೀದಿದ್ರೆ ಬೇರೆ ದಾರಿ. ಆಗ ಇಎಸ್‌ಆರ್ 64 ಇತ್ತು. ಗಂಟೆ ತುಂಬಿತು. ಟ್ಯೂಬಿನಲ್ಲಿ ಕೆಂಪು ಕಣ ಜಾಸ್ತಿ ಇಳಿದಷ್ಟೂ ಉರಿಯೂತ ಜಾಸ್ತಿ; ಎಷ್ಟು ಇಳಿದಿದೆ ಅಂತ ಮೂರು ಸಲ ನೋಡಿದೆ. 60.

ಟಾಯ್ಲೆಟ್‌ಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದು ಬಂದೆ.

ಮಾರ್ಚ್ 4

ಇವರು ಡಬ್ಬಿ ಮುಚ್ಚಳ ತೆಗೆದುಕೊಡ್ತಾ, "ಒಂದು ನಂಬರ್‌ಗೆ ಇಷ್ಟು ಹೆದರ್ತೀಯಾ? ನನ್ನನ್ನ ಕಟ್ಕೊಳ್ಳೋವಾಗ್ಲೂ ಹೆದರಿರಲಿಲ್ಲ" ಅಂದ್ರು. ನಗು ಬಂತು, ಹಾಳಾದ್ದು.

ಮಧ್ಯಾಹ್ನ ಮೆಷಿನ್‌ನಿಂದ ನನ್ನ ಸಿಆರ್‌ಪಿ ಬಂತು. ಅದೂ ಉರಿಯೂತದ್ದೇ ಲೆಕ್ಕ. 41 ಇದ್ದದ್ದು 9! ಒಂದೇ ರಕ್ತಕ್ಕೆ ಎರಡು ನಾಲಿಗೆಯಾ? ಬಗ್ಗಿ ಸ್ಟ್ಯಾಂಡ್ ನೋಡಿದೆ. ನಿನ್ನೆ ಟ್ಯೂಬು ಇಡೋ ಮೊದಲು ಟೇಬಲ್ ಒರೆಸಿದ ನೀರಿಗೆ ಕಾಗದ ನೆನೆದು ಚಪ್ಪಟೆ. ಗುಳ್ಳೆ ಮತ್ತೆ ಮೂಲೆಗೆ. ಓರೆ ಟ್ಯೂಬಿನಲ್ಲಿ ಕೆಂಪು ಬೇಗ ಜಾರುತ್ತೆ, ನಂಬರ್ ಸುಳ್ಳೇ ಏರುತ್ತೆ — ಹೊಸಬರಿಗೆಲ್ಲ ಈ ಪಾಠ ಹೇಳಿಕೊಟ್ಟವಳೇ ನಾನು.

ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ. ಕುಣೀಬೇಕು ಅನ್ನಿಸ್ತು. ಆಮೇಲೆ ನೆನಪಾಯ್ತು... ಉಳಿದ ಹನ್ನೊಂದು ಜನ. ರಿಪೋರ್ಟೆಲ್ಲ ಹೋಗಿದೆ. ಯಾರಿಗೋ ಸುಮ್ಮಸುಮ್ಮನೆ ಡೋಸ್ ಏರಿಸ್ತಾರೆ.

ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ.

ಮಾರ್ಚ್ 5

ಹೇಳಿಬಿಟ್ಟೆ. ಆ ಕಾಗದಾನೂ ಮೇಡಂ ಮೇಜಿನ ಮೇಲಿಟ್ಟೆ.

"ಕೈ ಆಗ್ತಿಲ್ಲ ಅಂತ ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಈ ಕೆಲಸ ಹೋಗ್ತಿತ್ತು, ಮೇಡಂ."

"ಈಗ ಉಳೀತಾ?"

ಉಳೀಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಹನ್ನೊಂದು ಜನಕ್ಕೂ ನಾನೇ ಫೋನ್ ಮಾಡಿದೆ. ತಪ್ಪು ನಂದು, ಇನ್ನೊಮ್ಮೆ ಬನ್ನಿ. ಒಬ್ಬ ಅಜ್ಜ: "ಬಡಕಲು ದೇಹ ಕಣಮ್ಮ, ಎರಡೆರಡು ಸಲ ಹಿಂಡಿದ್ರೆ ಏನುಳಿಯುತ್ತೆ? ಒಂದು ಬಿಸ್ಕತ್ತಾದ್ರೂ ಇಟ್ಟಿರು." ಇಟ್ಟೆ.

ಮಾರ್ಚ್ 6

ಮೇಡಂ ಸ್ಟ್ಯಾಂಡ್ ಸರಿ ಮಾಡಿ ಎಲ್ಲರದ್ದೂ ತಾವೇ ನೋಡಿದ್ರು. ಎಲ್ಲರದ್ದೂ ಕಮ್ಮಿ. ನಂದು 42. "ತಿರುಪು ನಿನ್ನ ಕೈಗೆ ಯಾವತ್ತು ತಿರುಗುತ್ತೋ ಅವತ್ತು ವಾಪಸ್ ಬಾ" ಅಂದ್ರು. ಬರ್ತೀನಿ. ಬರದೆ ಬಿಡ್ತೀನಾ!

ರಸೀದಿ ಬರೆದೆ. ಅಕ್ಷರ ಸೊಟ್ಟಸೊಟ್ಟ.

ಮೇ 2

ಡಬ್ಬಿ ಮುಚ್ಚಳ ನಾನೇ ತೆಗೆದೆ. "ನನಗಿದ್ದ ಒಂದೇ ಕೆಲಸಾನೂ ಕಿತ್ಕೊಂಡ್ಯಲ್ಲ" ಅಂತ ಇವರ ಗೋಳು. ಕಣ್ಣು ಮಾತ್ರ ಒದ್ದೆ.

ಮೇ 19, ಬೆಳಿಗ್ಗೆ 7:30

ನಿನ್ನೆಯ ಇಎಸ್‌ಆರ್ 22. ಇವತ್ತು ಮೇಡಂ ಎದುರಿಗೇ ತಿರುಪು ಹಿಡಿದೆ. ನೋವಿದೆ, ಇಲ್ಲ ಅನ್ನಲ್ಲ. ಒಂದು ಸುತ್ತು. ಇನ್ನರ್ಧ. ಗುಳ್ಳೆ ಜರುಗಿತು... ನಡುವಿಗೆ. ಮೇಡಂ ಸ್ಟೂಲ್ ನನ್ನ ಕಡೆ ತಳ್ಳಿದ್ರು. ಬಾಗಿಲಲ್ಲಿ ಅದೇ ಅಜ್ಜ, ಆಗಲೇ ಅಂಗಿ ತೋಳು ಮಡಚಿಕೊಂಡು, "ಬಿಸ್ಕತ್ತು ಎಲ್ಲಿದೆಯಮ್ಮ" ಅಂತಿದ್ದಾರೆ. ಪೆನ್ ಇಟ್ಟೆ.