ಎರಡೂ ಗಾಡಿಗಳಲ್ಲಿ ಕೂತವಳು

ನಿಲಂಗಾ
ಗುರುವಾರ, ೧೫ ಜನವರಿ ೨೦೨೬

ಚಿರಂಜೀವಿ ಗುರುಲಿಂಗನಿಗೆ,

ನಿನ್ನ ಸುಗಂಧಾ ಕಾಕು ನಿಲಂಗಾದಿಂದ ನೆನೆದು ಬರೆಯುತ್ತಿದ್ದೇನೆ. ಸಂಕ್ರಾಂತಿಯ ಎಳ್ಳುಬೆಲ್ಲ ಈ ಪಾಕೀಟಿನ ಜೊತೆಗಿದೆ, ನೀನೂ ತಿನ್ನು, ಮಗಳು ವೈಷ್ಣವಿಗೂ ಕೊಡು. ಎಳ್ಳಮಾವಾಸ್ಯೆಯ ದಿನ ನೀನು ಕೇಳಿದ ಮಾತಿಗೆ ಉತ್ತರ ಕೊಡಲು ನಾಲ್ಕು ವಾರ ಹಿಡಿಯಿತು, ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಸೀರೆ ಮಡಚುತ್ತ ಮಾತಾಡುವವನು. ನನ್ನ ದನಿ ಉದಗೀರದ ಗಿರಾಕಿಗಳಿಗೆಲ್ಲ ಕೇಳುತ್ತದೆ. ಕನ್ನಡದಲ್ಲಿ ಬರೆದರೆ ನಿನ್ನ ಮನೆಯಲ್ಲಿ ನೀನೊಬ್ಬನೇ ಓದಬಲ್ಲೆ. ನೀನು ಭಾಲ್ಕಿಯಲ್ಲಿ ಕನ್ನಡ ಸಾಲೆ ಕಲಿತದ್ದು ಅಷ್ಟಕ್ಕಾದರೂ ಬಂತು.

ಬರೆಯಬೇಕಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ನಿನ್ನ ಅಣ್ಣ ವೈಜನಾಥನ ಎರಡೂ ಮೂತ್ರಪಿಂಡ ಕೆಟ್ಟು ಎಂಟು ತಿಂಗಳಾಯಿತು. ಅವನಿಗೆ ಬರೀ ಬಿಪಿ ಎಂದು ನಿನಗೆ ಹೇಳಿದ್ದು ಸುಳ್ಳು. ವಾರಕ್ಕೆ ಮೂರು ಸಲ ಉಮರ್ಗಾಕ್ಕೆ ಹೋಗಿ ಯಂತ್ರದ ಮೇಲೆ ರಕ್ತ ತೊಳೆಸಿಕೊಂಡು ಬರುತ್ತಾನೆ. ಅವನಿಗೆ ಯಾರಾದರೂ ಒಂದು ಮೂತ್ರಪಿಂಡ ಕೊಡಬೇಕು. ಅವನ ಹೆಂಡತಿ ದೀಪಾಲಿಯದು ಹೊಂದಲಿಲ್ಲ. ನನಗೆ ಸಕ್ಕರೆ ರೋಗ, ಡಾಕ್ಟರು ಬೇಡ ಎಂದರು. ನಿನ್ನ ಕಾಕಾ ಇದ್ದಿದ್ದರೆ ಅವರು ಕೊಡುತ್ತಿದ್ದರು. ಉಳಿದವನು ನೀನು. ಎರಡು ವರ್ಷದವನಿದ್ದಾಗ ನಿನ್ನನ್ನು ನನ್ನ ಗಂಡನ ಅಣ್ಣ ಕಾಶೆಪ್ಪ ಭಾವ ಮತ್ತು ಅವರ ಹೆಂಡತಿ ಶಿವಕಾಂತಮ್ಮ ಅಕ್ಕನಿಗೆ ದತ್ತಕ ಕೊಟ್ಟೆವು, ಅಂದಿನಿಂದ ನಾನು ನಿನಗೆ ಕಾಕು, ಬರೀ ಚಿಕ್ಕಮ್ಮ. ಆದರೂ ಹೆತ್ತವಳು ನಾನೇ.

ಕೇಳಿಬಿಟ್ಟೆ. ಇನ್ನು ನೀನು ಕೇಳಿದ ಗಾಡಿಯ ಮಾತು ಬರೆಯುತ್ತೇನೆ.

“ಎರಡೂ ಗಾಡಿಯಾಗ ಕೂತಾಕಿ ನೀ ಒಬ್ಬಾಕೇ ಇದ್ದಿ ಕಾಕು. ಅಣ್ಣಂದು ಚಲೋನೋ, ನಂದು ಚಲೋನೋ, ಖರೇ ಹೇಳು” ಎಂದಿದ್ದೆ ನೀನು.

ಮೊದಲು ನಮ್ಮದು. ದೀಪಾವಳಿಯ ಹಿಂದೆಮುಂದೆ ಆ ದೊಡ್ಡ ಸೆಡಾನ್ ಮನೆ ಮುಂದೆ ಬಂದು ನಿಂತಾಗ ಓಣಿಯವರು, “ಕಿರಾಣಿ ಅಂಗಡಿಯಂವಗ ಇಷ್ಟುದ್ದ ಗಾಡಿ ಯಾಕಬೇಕಿತ್ತೋ” ಎಂದು ಆಡಿಕೊಂಡರು. ಹಳೆಯ ಜೀಪಿನಲ್ಲಿ ಉಮರ್ಗಾದಿಂದ ಬರುವಾಗ ವೈಜನಾಥನಿಗೆ ಕಾಲು ಚಾಚಲು ಆಗುತ್ತಿರಲಿಲ್ಲ. ಆ ಕಾರಣ ಯಾರಿಗೂ ಹೇಳಲಿಲ್ಲ, ಮಸ್ತಿ ಬಂದಿದೆ ಎಂದೇ ತಿಳಿಯಲಿ ಎಂದು ಸುಮ್ಮನಿದ್ದೆವು. ಹಿಂದಿನ ಸೀಟಿನಲ್ಲಿ ಮನುಷ್ಯ ಕಾಲು ಮಡಚಿ ಮಲಗಬಹುದು. ಡಿಕ್ಕಿಯಲ್ಲಿ ತೊಗರಿಯ ನಾಲ್ಕು ಚೀಲ ಹಿಡಿಯುತ್ತವೆ. ಆದರೆ ಹೊಟ್ಟೆ ನೆಲಕ್ಕೆ ಹತ್ತಿರ, ಉಬ್ಬು ಬಂದಲ್ಲೆಲ್ಲ ಕೆರೆಯುತ್ತದೆ. ಈಗ ನಡೆಸುವವಳು ದೀಪಾಲಿ. ಆಕೆ, “ಅತ್ತಿ, ಇದು ಗಾಡಿ ಅಲ್ಲರೀ, ಗಬ್ಬಾದ ಎಮ್ಮಿ. ಉಬ್ಬಿನ ಮ್ಯಾಲ ಅಡ್ಡಡ್ಡ ದಾಟಸಬೇಕು” ಎನ್ನುತ್ತಾಳೆ. ಬಾಗಿಲು ಕಿರುಗುಟ್ಟುತ್ತದೆ. ವೇಗ ಹೆಚ್ಚಾದರೆ ಕಿಟಕಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ.

ಇನ್ನು ನಿನ್ನದು. ಅದನ್ನು ತೋರಿಸಲೆಂದೇ ಉದಗೀರದಿಂದ ಬಂದು, ಔರಾದ ಶಹಾಜನಿ ದಾರಿಯ ನಮ್ಮ ಹೊಲಕ್ಕೆ ಹಬ್ಬದ ಊಟಕ್ಕೆ ನನ್ನನ್ನು ಕರೆದೊಯ್ದೆ. ಹಾಲಿನ ಬಣ್ಣದ ಚರ್ಮದ ಸೀಟು, ನನ್ನ ತೊಡೆಯ ಮೇಲೆ ಕಂಠಮಟ್ಟ ಅಂಬಲಿ ತುಂಬಿದ ಬಿಂದಿಗೆ. ಜೀವ ಬಿಗಿಹಿಡಿದು ಕೂತಿದ್ದೆ.

“ಕಾಕು, ಬಟನ್ ಒತ್ತು. ಸೀಟ ಬೆನ್ನ ತಿಕ್ಕತದ.”

“ಬಿಂದಿಗಿ ಬಿಟ್ಟು ಬಟನ್ ಒತ್ತಲ್ಯಾ? ನಿನ್ನ ಹೊಸಾ ಸೀಟ ಅಂಬಲಿ ಕುಡೀತದ ನೋಡು.”

“ಕುಡೀಲಿ ಬಿಡು, ಅದಕ್ಕೂ ಹಬ್ಬ ಅದ.”

ಹೊಲ ಮುಟ್ಟುವ ತನಕ ಒಂದು ಹನಿ ಚೆಲ್ಲಲಿಲ್ಲ. ಹೊಂಡ ಬಂದದ್ದು ಕಣ್ಣಿಗೆ ಕಂಡಿತು, ಸೊಂಟಕ್ಕೆ ತಿಳಿಯಲಿಲ್ಲ. ಕಿಟಕಿಯ ಗಾಜು ಏರಿಸಿದರೆ ಹೊರಗಿನ ಲಾರಿ ಹಾರ್ನು ಯಾವುದೋ ಊರಿನದು ಎನಿಸುತ್ತದೆ. ಆಗ ನೀನು ಅಂದದ್ದು ನನಗೆ ಅಕ್ಷರಕ್ಷರ ನೆನಪಿದೆ. “ಎರಡಕ್ಕೂ ಎಂಜಿನ್ ಒಂದ ಕಾಕು, ತಳಾ ಒಂದ, ಮಾಡಿದ ಕಾರ್ಖಾನಿನೂ ಒಂದ. ನಂದಕ್ಕ ಹೆಸರ ಬ್ಯಾರೆ ಹಚ್ಚಿ, ಒಳಗ ಮೆತ್ತಗ ಮಾಡಿ ರೊಕ್ಕ ಹೆಚ್ಚ ತಗೊಂಡಾರ, ಅಷ್ಟ. ಅಣ್ಣಾ ಶಾಣ್ಯಾ, ನಾ ಹುಚ್ಚಾ.”

ಆ ದಿನವೇ ಹೇಳಬೇಕೆಂದು ಮನೆಯಿಂದ ಹೊರಟಿದ್ದೆ. ನಿನ್ನ ಗಾಡಿಯಲ್ಲಿ ಎಷ್ಟು ಮೌನವಿತ್ತೆಂದರೆ ನಾನು ಬಾಯಿ ತೆರೆದರೆ ಏನೋ ಒಡೆಯುತ್ತದೆ ಎನಿಸಿತು. ಹೋಗುವಾಗ ಸೀಟು ಹೊಗಳಿದೆ, ಬರುವಾಗ ಮುಂದಿನ ಟಿವಿಯಂಥ ಪರದೆ ಹೊಗಳಿದೆ. ಕೂಸಿನಂಥ ಸಂತೋಷ ಇತ್ತು ನಿನ್ನ ಮುಖದಲ್ಲಿ.

ಆದ್ದರಿಂದ ತೀರ್ಪು ಇಷ್ಟು: ನಿನ್ನದೇ ಚಲೋ. ಸಂಶಯವೇ ಇಲ್ಲ. ನಮ್ಮ ಗಾಡಿಯಲ್ಲಿ ವೈಜನಾಥ ತಪ್ಪೇಲಿ ಹಿಡಿದುಕೊಂಡು ಬರುತ್ತಾನೆ, ವಾಂತಿಗೆ. ಕಾಸಾರ ಸಿರ್ಸಿ ದಾಟುವುದರೊಳಗೆ ಅದು ನನ್ನ ಸೆರಗಿನ ಮೇಲೆ ಚೆಲ್ಲಿರುತ್ತದೆ. ಅವನು, “ಅವ್ವಾ, ತಪ್ಪಾತು” ಎನ್ನುತ್ತಾನೆ. ಪ್ರತಿ ಸಲ ಅನ್ನುತ್ತಾನೆ. ನಲವತ್ತು ವರ್ಷದ ಗಂಡಸು.

ಕೈಯ ನರಗಳು ಮುಚ್ಚಿಕೊಂಡವು, ಈಗ ಕುತ್ತಿಗೆಗೆ ನಳಿಕೆ ಹಾಕಿದ್ದಾರೆ. ಹೋದ ವಾರ ಡಾಕ್ಟರು, “ಇದರ ಮ್ಯಾಲ ಭಾಳ ದಿನಾ ನಡ್ಯಾಂಗಿಲ್ಲ, ಕೊಡವ್ರನ್ನ ಲಗೂ ಹುಡಕ್ರಿ” ಎಂದು, ಕಾಗದ ತೆಗೆದುಕೊಂಡು ಮರಾಠಿಯಲ್ಲಿ ಕೇಳಿದರು: “ಸಖ್ಖೆ ಭಾವು ಆಹೇತ ಕಾ?” ಒಡಹುಟ್ಟಿದ ಅಣ್ಣತಮ್ಮಂದಿರು ಇದ್ದಾರೆಯೇ ಎಂದು.

ವೈಜನಾಥ ತಲೆ ಎತ್ತದೆ, “ನಾಹೀ. ಚುಲತ್ ಭಾವು ಆಹೇ” ಅಂದ. ಇಲ್ಲ, ಇರುವವನು ದೊಡ್ಡಪ್ಪನ ಮಗ. ದೀಪಾಲಿ ನನ್ನ ಮುಖ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಬರುವಾಗ ದಾರಿಯಲ್ಲಿ ಕೇಳಿದೆ. ಗಾಳಿಯ ಸಿಳ್ಳೆಯಲ್ಲಿ ನಮ್ಮ ಗಾಡಿಯೊಳಗೆ ಎಂಥ ಮಾತೂ ಆಡಲು ಬರುತ್ತದೆ. “ಯಾಕ ಹಂಗ ಹೇಳಿದ್ಯೋ?”

“ಕಾಗದದಾಗ ಹಂಗ ಅದ ಅಲ್ಲೇನು?”

“ಕಾಗದ ನಾವು ಮಾಡಿದ್ದು, ನಾವ ತಿದ್ದಸೋಣ. ನಾ ಬರೀತೀನಿ ಗುರುಲಿಂಗಗ.”

“ಬ್ಯಾಡ. ಕೊಟ್ಟ ಮಗನ್ನ ತಿರುಗಿ ಕೇಳಬಾರದವ್ವಾ. ಇಡೀ ಕೇಳಬಾರದಂದ್ರ ತುಂಡೂ ಕೇಳಬಾರದು. ನೀ ಬರದ್ಯೋ, ನಾ ಮಷೀನಿಗೆ ಹೋಗೋದ ಬಿಡ್ತೀನಿ.”

ಮುಂದೆ ಕೂತ ದೀಪಾಲಿ ಕನ್ನಡಿಯಲ್ಲಿ ಅವನನ್ನು ನೋಡಿ, “ಬಿಡ್ರಿ. ನಾ ಗಾಡಿ ಇಲ್ಲೇ ನಿಲ್ಲಸ್ತೀನಿ, ನಿಲಂಗಾಕ್ಕ ನಡಕೋತ ಬರ್ರಿ” ಎಂದಳು. ಊರು ಬರುವ ತನಕ ಆಕೆ ಒಂದೇ ಕೈಯಿಂದ ಗಾಡಿ ನಡೆಸಿದಳು, ಇನ್ನೊಂದರಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈ ಪತ್ರ ವೈಜನಾಥನಿಗೆ ಗೊತ್ತಾಗದಂತೆ ಅಂಚೆಗೆ ಹಾಕುವವಳೂ ಆಕೆಯೇ.

ಇದೇ ಇಪ್ಪತ್ತೆಂಟಕ್ಕೆ, ಬುಧವಾರ, ನಾವು ಹತ್ತು ಗಂಟೆಗೆ ಉಮರ್ಗಾದ ಆಸ್ಪತ್ರೆಯಲ್ಲಿ ಇರುತ್ತೇವೆ. ನೀನು ಬಂದರೆ ಆ ದಿನ ಬರೀ ರಕ್ತ ಪರೀಕ್ಷೆ. ಒಂದೇ ಮೂತ್ರಪಿಂಡದ ಮೇಲೆ ಮನುಷ್ಯ ಚೆನ್ನಾಗಿ ಬದುಕುತ್ತಾನೆ ಎಂದು ಡಾಕ್ಟರು ಹೇಳುತ್ತಾರೆ. ಆದರೂ ಹೊಟ್ಟೆ ಕೊಯ್ಯುವುದು ನಿನ್ನದು, ಆರು ವರ್ಷದ ಮಗಳು ನಿನ್ನವಳು. ನಾನು ಬಲ್ಲೆ. ನಿನ್ನನ್ನು ಕಳಿಸೆಂದು ಶಿವಕಾಂತಮ್ಮ ಅಕ್ಕನ ಕಾಲು ನಾನೇ ಬಂದು ಹಿಡಿಯುತ್ತೇನೆ. ಇಬ್ಬರನ್ನೂ ಹೆತ್ತವಳು ನಾನು ಎಂದು ಅಲ್ಲಿ ಬರೆದುಕೊಡಬೇಕಂತೆ. ಮೂವತ್ತಾರು ವರ್ಷ ಯಾವ ಕಾಗದದಲ್ಲೂ ಬರೆಯದ ಮಾತು, ಬರೆಯುತ್ತೇನೆ. ನೀನು ಬರುವುದಿಲ್ಲವೆಂದರೆ ಬರುವುದಿಲ್ಲ ಎಂದು ದೀಪಾಲಿಗೆ ಒಂದು ಫೋನು ಮಾಡು, ನನಗೆ ಬೇಡ.

ನಿನ್ನ ಅಂಗಡಿಯ ಬಾಗಿಲು ಎಂದೂ ಬರಿದಾಗದಿರಲಿ. ವೈಷ್ಣವಿ ನಿನ್ನ ಹೆಗಲೆತ್ತರ ಬೆಳೆಯಲಿ, ನೀನು ಅದನ್ನು ಕಣ್ತುಂಬ ನೋಡು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಕಾಕು,
ಸುಗಂಧಾ

ತಾ.ಕ.: ಹಿರಿಯ ಮಗನನ್ನು ದತ್ತಕ ಕೊಡುವ ಪದ್ಧತಿಯಿಲ್ಲ, ಅದಕ್ಕೆ ನಿನ್ನನ್ನು ಕೊಟ್ಟೆವು ಎಂದು ಹೇಳುತ್ತ ಬಂದಿದ್ದೇನೆ. ಹಾಗಲ್ಲ. ಕಾಶೆಪ್ಪ ಭಾವ ಅಂಗಳದಲ್ಲಿ ನಿಂತು, “ಪದ್ಧತಿ ಗಿದ್ಧತಿ ನನಗ ಬ್ಯಾಡ ಸುಗಂಧಾ, ಎರಡರಾಗ ಯಾವ ಕೂಸಾದರೂ ಆತು, ನೀನ ಕೊಡು” ಎಂದಿದ್ದರು. ವೈಜನಾಥನಿಗೆ ನಾಲ್ಕು ವರ್ಷ, ಹುಟ್ಟಿದಂದಿನಿಂದ ಜ್ವರ. ನಾನು ಇಬ್ಬರನ್ನೂ ಒಂದೊಂದು ಬಗಲಿಗೆ ಎತ್ತಿಕೊಂಡೆ. ಎರಡು ವರ್ಷದ ನೀನೇ ಭಾರವಾಗಿದ್ದೆ. ಇವನು ಯಾರ ಮನೆಯಲ್ಲಾದರೂ ಬದುಕುತ್ತಾನೆ ಎಂದು ನಿನ್ನನ್ನು ಕೆಳಗಿಳಿಸಿದೆ. ನೀನು ಅಳಲಿಲ್ಲ. ಭಾವನ ಬೆರಳು ಹಿಡಿದು ಬಾಗಿಲ ತನಕ ಹೋಗಿ, ತಿರುಗಿ, ಎತ್ತಿಕೋ ಎಂದು ನನ್ನ ಕಡೆ ಕೈ ಚಾಚಿದೆ. ಆಗ ನನ್ನ ಎರಡೂ ಕೈಯಲ್ಲಿ ವೈಜನಾಥನಿದ್ದ. ಈಗಲೂ ಅವನೇ ಇದ್ದಾನೆ, ಗುರುಲಿಂಗ.